ಹೊರಗಿಡಬೇಕಾದ ಡ್ರೈವರ್

ಆರ್ವೊ: ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಡ್ವೇನ್? ಅವಳ ಹೆಸರು ತೆಗೀರಿ ಅಂತ ಕಂಪನಿಯವರೇ ಬರೆದಿದಾರೆ. ತೆಗೆದುಬಿಡು.

ಸೈಮಾ: ಇನ್ನೊಂದ್ಸಲ ಹೇಳು ಅದನ್ನ. ನನ್ನ ಮುಖ ನೋಡ್ಕೊಂಡು ಹೇಳು.

ಆರ್ವೊ: ಮುಖ ನೋಡಿದ್ರೇನು, ಗೋಡೆ ನೋಡಿದ್ರೇನು? ಕಾಗದದಲ್ಲಿ ಇರೋದು ಅಷ್ಟೇ.

ಸೈಮಾ: ಹಂಗಾದ್ರೆ ಗೋಡೆ ಯಾಕೆ ನೋಡ್ತಿದೀಯ?

ಗೋಡೆ ನೋಡಿದ್ದರಿಂದ ಆರ್ವೊನಿಗೆ ಏನೂ ಲಾಭವಾಗಲಿಲ್ಲ. ಡ್ವೇನ್ ಪ್ಯಾಸ್ಕೊನ ವಿಮಾ ಕಚೇರಿ ಮೊದಲು ಕ್ಷೌರದಂಗಡಿಯಾಗಿತ್ತು. ಕ್ಷೌರಿಕ ಸತ್ತು ಹದಿನೈದು ವರ್ಷವಾದರೂ ಗೋಡೆಯುದ್ದದ ಕನ್ನಡಿಗಳನ್ನು ತೆಗೆಸುವಷ್ಟು ಉದಾರತೆ ಡ್ವೇನನಿಗೆ ಬಂದಿಲ್ಲ. ಹೀಗಾಗಿ ಆರ್ವೊ ಎತ್ತ ತಿರುಗಿದರೂ ಸೈಮಾಳ ಮುಖವೇ ಕಾಣಿಸುತ್ತಿತ್ತು, ಒಂದು ಕಡೆ ಎದುರಿನಿಂದ, ಇನ್ನೊಂದು ಕಡೆ ಪಕ್ಕದಿಂದ. ಎರಡೂ ಚೆನ್ನಾಗಿರಲಿಲ್ಲ.

ನಾನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ಹೊಸ ಕಾರು ಕೊಂಡು ಮೂರು ವಾರವಾಗಿತ್ತು, ಅದರ ಕಾಗದಕ್ಕೆ ಒಂದು ಸಹಿ ಹಾಕಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಕಾರು ಹೊರಗೆ ಇದೇ ಆರ್ವೊ, ಸೈಮಾ ಲಾಹ್ತಿನೆನ್ ದಂಪತಿಗಳ ನೀಲಿ ಕಾರಿನ ಹಿಂದೆಯೇ ನಿಂತಿತ್ತು. ವಿಮೆಯವರ ಫಾರಂಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಮದುವೆಯಾಗುವಾಗ ಮಾವನವರೂ ಕೇಳದಿದ್ದ ಪ್ರಶ್ನೆಗಳನ್ನು ಇವರು ಕೇಳುತ್ತಾರೆ. ಆದರೆ ಬೇರೆಯವರು ಅವಕ್ಕೆ ಉತ್ತರ ಕೊಡುವುದನ್ನು ಕುಳಿತು ಕೇಳುವುದಕ್ಕೆ ನನ್ನದೇನೂ ಅಭ್ಯಂತರವಿಲ್ಲ.

ಆರ್ವೊ ಲಾಹ್ತಿನೆನ್ ಯಾರೆಂದು ಅಮೆರಿಕದ ಸುಪೀರಿಯರ್ ಸರೋವರದ ಈ ದಂಡೆಯಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಮೂವತ್ತನಾಲ್ಕು ವರ್ಷ ಕೌಂಟಿ ಆಡಳಿತದ ಪರವಾಗಿ ರಸ್ತೆಯ ಹಿಮ ನೂಕುವ ಲಾರಿ ಓಡಿಸಿದವನು, ಒಂದು ಬೇಲಿಗೂ ತಾಗಿಸಿದವನಲ್ಲ. ನಿವೃತ್ತಿಯ ದಿನ ರಸ್ತೆ ಇಲಾಖೆಯವರು ಅದನ್ನೇ ಹಿತ್ತಾಳೆಯಲ್ಲಿ ಕೆತ್ತಿಸಿ ಫಲಕ ಕೊಟ್ಟರು. ಅದು ಈಗ ಅವನ ಮನೆಯ ಟೀವಿಯ ಮೇಲಿದೆ, ಮನೆಗೆ ಬಂದವರು ಮೊದಲು ಅದನ್ನು ಓದಿ ಆಮೇಲೆ ಕುಳಿತುಕೊಳ್ಳಬೇಕು. ಸೈಮಾ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳು. ಡ್ವೇನನ ತಟ್ಟೆಗೆ ಕ್ಯಾರೆಟ್ ಬಡಿಸಿ, ಅವನು ಕೊನೆಯ ತುಂಡು ನುಂಗುವ ತನಕ ಎದುರಿಗೆ ನಿಂತಿರುತ್ತಿದ್ದವಳು. ಡ್ವೇನನಿಗೆ ಈಗ ನಲವತ್ತೈದು. ಅವಳ ಎದುರು ಕೂತರೆ ಇವತ್ತಿಗೂ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಡ್ವೇನ್: ಕಂಪನಿಯ ಪತ್ರ ಓದ್ಲಾ ಮಿಸೆಸ್ ಲಾಹ್ತಿನೆನ್?

ಸೈಮಾ: ನನಗೆ ಓದೋಕೆ ಬರತ್ತೆ. ಐದು ವರ್ಷದಲ್ಲಿ ನಾಲ್ಕು ಕಡೆ ಗುದ್ದಿದೀನಂತೆ. ಹದಿನೈದನೇ ತಾರೀಖಿನೊಳಗೆ ನನ್ನನ್ನ ಹೊರಗಿಡೋ ಪತ್ರಕ್ಕೆ ನನ್ನ ಗಂಡ ಸಹಿ ಹಾಕಬೇಕಂತೆ. ಹಾಕದೇ ಇದ್ರೆ ಇಬ್ಬರಿಗೂ ವಿಮೆ ಇಲ್ಲವಂತೆ. ಸಹಿ ಹಾಕಿದ ಮೇಲೆ ನಾನು ಸ್ಟೀರಿಂಗ್ ಮುಟ್ಟೋ ಹಂಗಿಲ್ಲವಂತೆ.

ಆರ್ವೊ: ಹದಿನೈದಕ್ಕೆ ಜಿಂಕೆ ಬೇಟೆ ಶುರು. ಅಷ್ಟರೊಳಗೆ ಮುಗಿಸು ಡ್ವೇನ್.

ಸೈಮಾ: ಕೇಳಿದ್ಯಾ? ಹೆಂಡತಿ ಕಾರಿಂದ ಇಳಿದ್ರೂ ಪರವಾಗಿಲ್ಲ, ಜಿಂಕೆ ಕಾಯಬಾರದು.

ಆರ್ವೊ: ನಾನಾ ಗುದ್ದಿದ್ದು ಅಂತ ಬರೆದಿರೋದು?

ಸೈಮಾ ಕನ್ನಡಿಯಲ್ಲಿ ಅವನನ್ನೇ ನೋಡಿದಳು. ಆರ್ವೊ ಟೋಪಿ ತೆಗೆದು ಅದರ ಒಳಗನ್ನು ಪರೀಕ್ಷಿಸಿದ. ಒಳಗೆ ಏನೂ ಇರಲಿಲ್ಲ.

ಡ್ವೇನ್: ಮೊದಲು ಫಾರಂ ತುಂಬೋಣ. ಸಹಿ ಆಮೇಲೆ. ಒಂದನೇ ಪ್ರಶ್ನೆ. ಹದಿನಾಲ್ಕು ವರ್ಷ ದಾಟಿದವರು ಮನೆಯಲ್ಲಿ ಯಾರ್ಯಾರು ವಾಸವಾಗಿದ್ದೀರಿ?

ಸೈಮಾ: ನಾನು.

ಡ್ವೇನ್: ಮತ್ತೆ?

ಸೈಮಾ: ಅಷ್ಟೇ.

ಆರ್ವೊ: ನಾನೇನು, ಅಂಗಳದ ಕಂಬನಾ?

ಸೈಮಾ: ನೀನು ಒಂದು ತಿಂಗಳು ಬೇಟೆ ಗುಡಿಸಲಲ್ಲಿ, ಮೂರು ತಿಂಗಳು ಹೆಪ್ಪುಗಟ್ಟಿದ ಕೆರೆ ಮೇಲೆ ಮಂಜುಗಡ್ಡೆ ಕೊರ್‍ಕೊಂಡು ಮೀನಿಗೆ ಕಾಯ್ತಾ. ಉಳಿದಿದ್ದು ಸೌನಾ ಕೋಣೆಯ ಹಬೇಲಿ. ಮನೆಗೆ ಬರೋದು ಊಟಕ್ಕೆ. ಊಟಕ್ಕೆ ಬರೋರನ್ನೆಲ್ಲ ವಾಸ ಅಂತ ಬರೆದ್ರೆ ನಮ್ಮ ಪಾದ್ರಿಗಳನ್ನೂ ಬರೀಬೇಕಾಗತ್ತೆ.

ಡ್ವೇನ್: ಪಾದ್ರಿಗಳು ನಿಮ್ಮ ಕಾರು ಓಡಿಸ್ತಾರಾ?

ಸೈಮಾ: ಅವರ್‍ಯಾಕೆ ಓಡಿಸ್ತಾರೆ?

ಆರ್ವೊ: ಒಂದ್ಸಲ ಓಡಿಸಿದ್ರು. ಚರ್ಚಿನ ಕುರ್ಚಿ ಸಾಗಿಸೋಕೆ ನಮ್ಮ ಪಿಕಪ್ಪು ತಗೊಂಡ್ಹೋಗಿದ್ರಲ್ಲ.

ಡ್ವೇನ್: (ಬರೆಯುತ್ತ) ಪಾದ್ರಿ... ಹುಟ್ಟಿದ ದಿನಾಂಕ?

ಸೈಮಾ: ಏನ್ ಬರೀತಿದೀಯ? ಹೊಡೆದುಹಾಕು ಅದನ್ನ! ನಾನೇನು ಅವರನ್ನ ಹೆತ್ತವಳಾ?

ಡ್ವೇನ್: ಬಚ್ಚಿಟ್ರೆ ಕಂಪನಿಯವರಿಗೆ ಗೊತ್ತಾಗತ್ತೆ ಮಿಸೆಸ್ ಲಾಹ್ತಿನೆನ್. ಅವರಿಗೆ ಎಲ್ಲಾ ಗೊತ್ತಾಗತ್ತೆ.

ಸೈಮಾ: ಎಲ್ಲಾ ಗೊತ್ತಾ ಅವರಿಗೆ? ನಿಜವಾಗ್ಲೂ?

ಅವಳು ಹಾಗೆ ಕೇಳಿದ ರೀತಿಗೆ ಆರ್ವೊ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ. ಡ್ವೇನ್ ಪಾದ್ರಿಯನ್ನು ಹೊಡೆದುಹಾಕಿ ಎರಡನೇ ಪ್ರಶ್ನೆಗೆ ಹೋದ.

ಡ್ವೇನ್: ಮನೆಯಲ್ಲಿರೋ ವಾಹನಗಳು?

ಆರ್ವೊ: ನೀಲಿ ಕಾರು. ಪಿಕಪ್ಪು. ಹಿಮದ ಮೇಲೆ ಓಡೋ ಸ್ಕೂಟರು ಎರಡು. ಹಿತ್ತಲಲ್ಲಿ ಒಂದು ವ್ಯಾನು.

ಡ್ವೇನ್: ವ್ಯಾನು ಓಡತ್ತಾ?

ಸೈಮಾ: ಅದರಲ್ಲಿ ಕೋಳಿ ಇದಾವೆ.

ಡ್ವೇನ್: ಅಂದ್ರೆ, ಕೋಳಿ ವ್ಯಾಪಾರಕ್ಕೆ ಬಳಸ್ತೀರಾ? ವ್ಯಾಪಾರದ ವಾಹನ ಆದ್ರೆ ಬೇರೆ ಫಾರಂ.

ಸೈಮಾ: ಕೋಳಿಗಳು ಅದರಲ್ಲಿ ವಾಸವಾಗಿವೆ ಕಣೋ. ಚಕ್ರ ಇಲ್ಲ. ಈಗ ಕೇಳು, ಅವಕ್ಕೆಲ್ಲ ಹದಿನಾಲ್ಕು ವರ್ಷ ದಾಟಿದೆಯಾ ಅಂತ.

ಡ್ವೇನ್: (ಅಡ್ಡಗೆರೆ ಎಳೆದು) ಕಾರನ್ನ ರಾತ್ರಿ ಎಲ್ಲಿ ನಿಲ್ಲಿಸ್ತೀರಿ?

ಆರ್ವೊ: ಗ್ಯಾರೇಜಲ್ಲಿ.

ಸೈಮಾ: ಗ್ಯಾರೇಜಲ್ಲಿ ಇವನ ದೋಣಿ ಮಲಗಿದೆ. ಕಾರು ಅಂಗಳದಲ್ಲಿ. ನಮ್ಮನೇಲಿ ಸೂರು ಇರೋದು ದೋಣಿಗೆ ಮತ್ತೆ ಕೋಳಿಗೆ.

ಡ್ವೇನ್: ಯಾವ ವಾಹನವನ್ನ ಹೆಚ್ಚಾಗಿ ಯಾರು ಓಡಿಸ್ತೀರಿ?

ಆರ್ವೊ: ಎಲ್ಲಾ ನಾನೇ.

ಸೈಮಾ: ನೀಲಿ ಕಾರು ನಾನು. ಮಂಗಳವಾರ, ಶುಕ್ರವಾರ. ಹೋಗ್ತಾ ಮೂವತ್ತೆಂಟು ಮೈಲಿ, ಬರ್‍ತಾ ಮೂವತ್ತೆಂಟು. ವೃದ್ಧರ ಆರೈಕೆ ಮನೇಲಿ ನನ್ನ ಅಕ್ಕ ಇದಾಳೆ. ಅಲ್ಲಿ ಕೊಡೋ ಬ್ರೆಡ್ಡನ್ನ ಅವಳು ಮುಟ್ಟಲ್ಲ. ನಾನು ಏಲಕ್ಕಿ ಹಾಕಿದ ನಿಸು ಬ್ರೆಡ್ಡು ಮಾಡ್ಕೊಂಡ್ಹೋಗಿ ಕಾಫೀಲಿ ಅದ್ದಿ ಕೊಟ್ರೆ ತಿಂತಾಳೆ. ನನ್ನ ಹೆಸರು ಅವಳಿಗೆ ಮರೆತುಹೋಗಿದೆ. ಏಲಕ್ಕಿ ವಾಸನೆ ಮರೆತಿಲ್ಲ. ಇದನ್ನ ಬರೆಯೋಕೆ ಅದರಲ್ಲಿ ಜಾಗ ಇದೆಯಾ ಡ್ವೇನ್?

ಡ್ವೇನ್: ಮೈಲಿ ಬರೆಯೋಕೆ ಮಾತ್ರ ಇದೆ.

ಸೈಮಾ: ಅದೇ ಅಂದ್ಕೊಂಡೆ.

ಆರ್ವೊ: ನಾನು ಕರ್‍ಕೊಂಡ್ಹೋಗ್ತೀನಿ ಅಂತ ಹೇಳಿದೀನಲ್ಲ.

ಸೈಮಾ: ನಿನ್ನ ಪಕ್ಕದಲ್ಲಿ ಕೂತ್ಕೊಂಡಾ? ಬ್ರೆಡ್ಡು ಕೈಯಲ್ಲಿ ಹಿಡ್ಕೊಂಡು ನಡ್ಕೊಂಡೇ ಹೋಗ್ತೀನಿ.

ಡ್ವೇನ್ ಕೆಮ್ಮಿ ಫಾರಂನ ಪುಟ ತಿರುಗಿಸಿದ. ಅಪಘಾತಗಳ ಪಟ್ಟಿ ಬಂತು. ಕಂಪನಿಯವರು ಮೊದಲೇ ಅಚ್ಚು ಹಾಕಿಸಿ ಕಳಿಸಿದ್ದರು, ನಾಲ್ಕು ಸಾಲು, ನಾಲ್ಕರ ಮುಂದೆಯೂ ಸೈಮಾ ಲಾಹ್ತಿನೆನ್ ಎಂಬ ಹೆಸರು.

ಡ್ವೇನ್: ಇದೆಲ್ಲ ನಿಜ ಅಂತ ನೀವು ಒಪ್ಕೋಬೇಕು. ಒಂದನೇದು, ನೀಮಿ ಅವರ ಮನೆ ಮುಂದಿನ ಟಪಾಲು ಪೆಟ್ಟಿಗೆ.

ಆರ್ವೊ: ಪಾಪ, ಅದು ಪೂರ್ತಿ ಅವಳ ತಪ್ಪಲ್ಲ. ಆ ಪೆಟ್ಟಿಗೆ ರಸ್ತೆಗೆ ಒಂದಡಿ ಮುಂದಿತ್ತು. ಬಲಗಡೆ ಕನ್ನಡಿ ಕೆಳಗೆ ಪೆಟ್ಟಿಗೆ ಕಂಡ ತಕ್ಷಣ ಎಡಕ್ಕೆ ಅರ್ಧ ಸುತ್ತು ತಿರುಗಿಸಿದ್ರೆ ತಪ್ಪಿಸ್ಕೋಬಹುದು. ಆದ್ರೆ ಲಾರೀಲಿ ಕನ್ನಡಿ ಎತ್ತರದಲ್ಲಿರತ್ತೆ, ಕಾರಲ್ಲಿ ಕೆಳಗಿರತ್ತೆ. ಅಲ್ಲಿ ಲೆಕ್ಕ ತಪ್ತು.

ಸೈಮಾ: ಯಾರ ಲೆಕ್ಕ?

ಆರ್ವೊ: ನಿನ್ನದು.

ಸೈಮಾ: ನಾನು ಯಾವಾಗ ಲಾರಿ ಓಡಿಸಿದ್ದೆ?

ಡ್ವೇನ್ ತಲೆ ಎತ್ತಿದ. ನಾನೂ ಕುರ್ಚಿಯನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡೆ.

ಡ್ವೇನ್: ಎರಡನೇದು, ದಿನಸಿ ಅಂಗಡಿ ಮುಂದೆ ಸಾಮಾನು ತುಂಬಿ ತಳ್ಳೋ ಗಾಡಿಗಳ ಸಾಲು. ಹನ್ನೊಂದು ಗಾಡಿ.

ಸೈಮಾ: ಹೇಳು ಆರ್ವೊ. ನಾನು ಹೆಂಗೆ ಗುದ್ದಿದೆ ಅಂತ ನಾನೂ ತಿಳ್ಕೋಬೇಕು.

ಆರ್ವೊ: ಹಿಂದಕ್ಕೆ ಬರೋವಾಗ ಹಾರ್ನ್ ಕೂಗತ್ತೆ ಅಂದ್ಕೊಂಡಿ... ಅಂದ್ಕೊಂಡಿದ್ಲು ಅನ್ಸತ್ತೆ. ಹಿಂದಕ್ಕೆ ಬಂದ್ರೆ ಲಾರಿ ತಾನಾಗೇ ಪೀಂ ಪೀಂ ಅನ್ನತ್ತೆ. ಅಡ್ಡ ಇದ್ದೋರು ಸರೀತಾರೆ. ಅದು ಅವರ ಕೆಲಸ.

ಡ್ವೇನ್: ಸಾಮಾನು ಗಾಡಿಗಳು ಹೆಂಗೆ ಸರೀತಾವೆ ಆರ್ವೊ ಅವರೇ?

ಆರ್ವೊ: ಗಾಡಿ ಹಿಡ್ಕೊಂಡಿರೋರು ಇರ್ತಾರಲ್ಲ!

ಡ್ವೇನ್: ಆವತ್ತು ಇರ್ಲಿಲ್ವಲ್ಲ.

ಆರ್ವೊ: ಅದನ್ನೇ ನಾನೂ ಹೇಳಿದ್ದು ಅಂಗಡಿಯವನಿಗೆ. ಅಂದ್ರೆ, ಇವಳು ಹೇಳಿದ್ದು. ನಾನು ಮನೇಲಿದ್ದೆ.

ಸೈಮಾ: ಮನೇಲಿದ್ದ. ಫಲಕ ಒರೆಸ್ತಾ ಇದ್ದ.

ಡ್ವೇನ್: ಮೂರನೇದು... ಇದು ನನಗೂ ನೆನಪಿದೆ. ಚರ್ಚಿನ ಮಹಿಳೆಯರು ಪೇಸ್ಟಿ ಮಾರಾಟಕ್ಕಿಟ್ಟಿದ್ದ ಮೇಜು. ನಲವತ್ತಾರು ಪೇಸ್ಟಿ.

ಮಾಂಸ, ಆಲೂಗಡ್ಡೆ ತುಂಬಿ ಸುಟ್ಟ ಆ ನಲವತ್ತಾರು ಕಡುಬುಗಳಲ್ಲಿ ಎರಡು ನನ್ನವು. ದುಡ್ಡು ಕೊಟ್ಟು ಕಾಯ್ದಿರಿಸಿದ್ದೆ. ಆ ಭಾನುವಾರದಿಂದ ನಾನು ಸೈಮಾಳನ್ನು ಕಂಡಾಗಲೆಲ್ಲ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ. ಊರಿಡೀ ಹಾಗೆಯೇ ಮಾಡುತ್ತಿತ್ತು. ಚರ್ಚಿನ ಹೆಂಗಸರು ಅವಳಿಗೆ ಮೇಜಿನ ಹತ್ತಿರದ ಕೆಲಸ ಬಿಡಿಸಿ ಪಾತ್ರೆ ತೊಳೆಯುವ ಕೆಲಸ ಕೊಟ್ಟಿದ್ದರು, ಹಿಟ್ಟು ಕಲೆಸುವುದರಲ್ಲಿ ಅವಳ ಸಮ ಯಾರಿಲ್ಲವೆಂದು ಗೊತ್ತಿದ್ದೂ.

ಆರ್ವೊ: ಬಿಸಿಲು ನೇರ ಕಣ್ಣಿಗೆ ಹೊಡೀತಿತ್ತು. ಎಡಗಡೆ ಪಾದ್ರಿಗಳು, ಬಲಗಡೆ ಮೇಜು. ಮನುಷ್ಯನಾದವನು ಯಾರಿಗೆ ಗುದ್ತಾನೆ?

ಡ್ವೇನ್: ಮನುಷ್ಯನಾದವನು?

ಆರ್ವೊ: ಮನುಷ್ಯಳಾದವಳು.

ಸೈಮಾ: (ಡ್ವೇನನಿಗೆ) ಮುಂದಿನದು ಓದು.

ಡ್ವೇನ್: ಸಾಕು ಬಿಡಿ ಮಿಸೆಸ್ ಲಾಹ್ತಿನೆನ್.

ಸೈಮಾ: ತಟ್ಟೇಲಿರೋದನ್ನ ಮುಗಿಸು ಡ್ವೇನ್.

ಡ್ವೇನ್: (ಬೆನ್ನು ನೆಟ್ಟಗೆ ಮಾಡಿಕೊಂಡು) ನಾಲ್ಕನೇದು. ಕೌಂಟಿಯ ಹಿಮ ನೂಕೋ ಲಾರಿ, ನಂಬರ್ ಹದಿನೇಳು. ರಸ್ತೆ ಪಕ್ಕ ನಿಂತಿತ್ತು. ಕಿತ್ತಳೆ ಬಣ್ಣ. ಮೇಲೆ ದೀಪ ಮಿನುಗ್ತಿತ್ತು.

ಈ ಸಲ ಆರ್ವೊ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡ. ನಂಬರ್ ಹದಿನೇಳು ಯಾರ ಲಾರಿಯೆಂದು ಡ್ವೇನನಿಗೂ ಗೊತ್ತು, ನನಗೂ ಗೊತ್ತು. ಕಳೆದ ಚಳಿಗಾಲದಲ್ಲಿ ಊರು ಇದಕ್ಕೆ ಎಷ್ಟು ನಕ್ಕಿತ್ತು! ಗಂಡ ಮೂವತ್ತನಾಲ್ಕು ವರ್ಷ ಒಂದು ಗೀರೂ ಬೀಳದ ಹಾಗೆ ಸಾಕಿದ ಲಾರಿಗೆ ಹೆಂಡತಿ ಹೋಗಿ ಗುದ್ದಿದಳು ಎಂದು ಹೋಟೆಲಿನಲ್ಲಿ ನಾನೇ ಇಬ್ಬರಿಗೆ ಹೇಳಿ ನಗಿಸಿದ್ದೆ. ಆರ್ವೊ ಅಲ್ಲಿಯೇ ಕೂತು ತಲೆ ಆಡಿಸುತ್ತ ಎಲ್ಲರ ಸಾಂತ್ವನ ಸ್ವೀಕರಿಸಿದ್ದ. ಅದು ನೆನಪಾಗಿ ನನಗೆ ಅವನ ಮೇಲೆ ಎಷ್ಟು ಅಸಹ್ಯವಾಯಿತೋ ನನ್ನ ಮೇಲೂ ಅಷ್ಟೇ ಆಯಿತು.

ಡ್ವೇನ್ ಎರಡನೇ ಕಾಗದವನ್ನು ಮೇಜಿನ ಮೇಲಿಟ್ಟ. ಮೇಲ್ಗಡೆ ದಪ್ಪ ಅಕ್ಷರದಲ್ಲಿ ‘ಹೊರಗಿಡಲಾದ ಚಾಲಕ’ ಎಂದಿತ್ತು, ಕೆಳಗೆ ಸೈಮಾಳ ಹೆಸರು.

ಡ್ವೇನ್: ಎಚ್ಚರಿಕೆ ಓದಲೇಬೇಕು, ಕಾನೂನು. ಹೊರಗಿಡಲಾದವರು ಸ್ಟೀರಿಂಗ್ ಹಿಡಿದಾಗ ಏನೇ ಆದ್ರೂ ಕಂಪನಿ ಬಿಡಿಗಾಸೂ ಕೊಡಲ್ಲ. ಗುದ್ದಿಸ್ಕೊಂಡವರಿಗೂ ಕೊಡಲ್ಲ. ಎಲ್ಲಾ ನಿಮ್ಮ ತಲೆ ಮೇಲೆ. ಸಹಿ ಬಿದ್ದ ಕ್ಷಣದಿಂದ ಜಾರಿ.

ಆರ್ವೊ: ಪೆನ್ನು ಕೊಡು.

ಸೈಮಾ: ಕೊಡು ಪೆನ್ನು. ಒಳ್ಳೇದು ಕೊಡು, ಮಧ್ಯದಲ್ಲಿ ನಿಂತುಹೋಗದೇ ಇರೋದು. ಹಾಕು ಆರ್ವೊ. ಶುಕ್ರವಾರ ಬ್ರೆಡ್ಡು ಸುಡೋದಿಲ್ಲ ಬಿಡು ನಾನು. ಅವಳು ಬಾಗಿಲು ನೋಡ್ತಾ ಕೂತಿರ್ತಾಳೆ, ಯಾರು ಬರಬೇಕಿತ್ತು ಅಂತ ಅವಳಿಗೆ ಹೇಗಿದ್ರೂ ನೆನಪಿರಲ್ಲ. ನಿನ್ನ ಫಲಕ ಇರತ್ತೆ. ಮನೇಲಿ ಒಂದಾದ್ರೂ ಹೊಳೀತಿರಲಿ.

ಆರ್ವೊ ಪೆನ್ನನ್ನು ಕಾಗದದ ಮೇಲಿಟ್ಟ. ಒಂದು ಚುಕ್ಕೆ ಬಿತ್ತು, ಸಹಿ ಬೀಳಲಿಲ್ಲ. ಅವನು ಎದುರಿನ ಕನ್ನಡಿ ನೋಡಿದ, ಪಕ್ಕದ ಕನ್ನಡಿ ನೋಡಿದ. ಕಡೆಗೆ ಕನ್ನಡಿಗಳನ್ನು ಬಿಟ್ಟು ಹೆಂಡತಿಯ ಕಡೆಗೇ ತಿರುಗಿದ.

ಆರ್ವೊ: ನೀನು ಮೊದಲನೇ ಸಲ ಯಾಕೆ ಹೇಳಿದೆ, ಗುದ್ದಿದ್ದು ನೀನೇ ಅಂತ? ನಾನೇನು ಕೇಳಿರ್ಲಿಲ್ಲ.

ಸೈಮಾ: ನೀನು ನೀಮಿ ಮನೆ ಚರಂಡೀಲಿ ಕೂತು ಅಳ್ತಿದ್ದೆ. ಎಪ್ಪತ್ತು ವರ್ಷದ ಗಂಡಸು. ಫಲಕ ವಾಪಸ್ ತಗೋತಾರೆ ಅಂತ. ಮತ್ತೇನು ಹೇಳ್ಬೇಕಿತ್ತು ನಾನು?

ಆರ್ವೊ: ಆಮೇಲಿಂದು?

ಸೈಮಾ: ಆಮೇಲಿಂದು ನೀನು ಕೇಳೋಕೆ ಶುರು ಮಾಡಿದೆ.

ಆರ್ವೊ: ಡ್ವೇನ್. ಆ ನಾಲ್ಕೂ ನಾನೇ.

ಡ್ವೇನ್ ಎರಡೂ ಕಿವಿ ಮುಚ್ಚಿಕೊಂಡು ಎದ್ದು ನಿಂತ.

ಡ್ವೇನ್: ನನಗೆ ಕೇಳಿಸ್ಲಿಲ್ಲ! ಕೇಳಿಸಿದ್ರೆ ಬರೀಬೇಕಾಗತ್ತೆ! ಯೋಚನೆ ಮಾಡಿ ಆರ್ವೊ ಅವರೇ, ಸುಳ್ಳು ಹೇಳಿದ್ರಿ ಅಂತ ಕಂಪನಿಯವರು ನಿಮ್ಮ ಪಾಲಿಸಿ ಎತ್ತಿ ಬಿಸಾಕಬಹುದು!

ಆರ್ವೊ: (ಇನ್ನೂ ಗಟ್ಟಿಯಾಗಿ) ನಾಲ್ಕೂ ನಾನೇ! ಪೆಟ್ಟಿಗೆ ನಾನೇ, ಗಾಡಿ ನಾನೇ, ಪೇಸ್ಟಿ ನಾನೇ! ಹದಿನೇಳೂ ನಾನೇ. ಅದನ್ನ ಓಡಿಸೋ ಹೊಸ ಹುಡುಗನಿಗೆ ಹಿಮ ನೂಕೋ ಬ್ಲೇಡು ಎತ್ತೋಕೆ ಬರಲ್ಲ, ಹೇಳಿಕೊಡೋಣ ಅಂತ ಹತ್ತಿರ ಹೋದೆ. ಬಹಳ ಹತ್ತಿರ ಹೋದೆ. ವೆಸ್ಲಿ, ನಿನಗೆ ಕೇಳಿಸ್ತಾ?

ವೆಸ್ಲಿ ಎಂದರೆ ನಾನು. ಕೇಳಿಸಿತು ಎಂದೆ. ರಸ್ತೆಯ ಆಚೆಯ ಬೇಕರಿಯವರಿಗೂ ಕೇಳಿಸಿರಬೇಕು.

ಡ್ವೇನ್ ಕಿವಿಯಿಂದ ಕೈ ತೆಗೆದು ಕುಳಿತ. ಅವನನ್ನು ನಾನು ಯಾವತ್ತೂ ಗಟ್ಟಿಗನೆಂದು ತಿಳಿದವನಲ್ಲ, ಆದರೆ ಆ ಹೊತ್ತು ಅವನು ಮಾಡಿದ ಕೆಲಸಕ್ಕೆ ಶಾಲೆಯಲ್ಲಿ ತಿಂದ ಕ್ಯಾರೆಟ್ಟೇ ಕಾರಣವಿರಬೇಕು. ಸೈಮಾಳ ಹೆಸರಿದ್ದ ಕಾಗದವನ್ನು ಎರಡು ಹೋಳು ಮಾಡಿದ. ನಾಲ್ಕು ಅಪಘಾತದ ನಿಜವನ್ನೂ ಆರ್ವೊ ತನ್ನ ಕೈಯಿಂದಲೇ ಬರೆದು ಕೊಡಬೇಕೆಂದ. ಆಮೇಲೆ ಕಂಪನಿಗೆ ಫೋನು ಮಾಡಿ ಅರ್ಧ ಗಂಟೆ ಮಾತಾಡಿದ, ಹೆಚ್ಚಿನ ಹೊತ್ತು ‘ಹೌದು ಸಾರ್’ ಎಂದ. ಫೋನು ಇಟ್ಟಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು.

ಡ್ವೇನ್: ಬೈದ್ರು. ಚೆನ್ನಾಗೇ ಬೈದ್ರು. ಆದ್ರೆ ಇವತ್ತೇ ಸಹಿ ಹಾಕೋದಾದ್ರೆ ಪಾಲಿಸಿ ಉಳಿಸ್ತಾರಂತೆ.

ಸೈಮಾ: ಯಾರದು ಸಹಿ? ಯಾರು ಹೊರಗೆ?

ಡ್ವೇನ್: ಯಾರಾದ್ರೂ ಒಬ್ಬರು. ಯಾರು ಗುದ್ದಿದ್ರು ಅನ್ನೋದು ಅವರಿಗೆ ಅಷ್ಟು ಮುಖ್ಯ ಅಲ್ಲ ಮಿಸೆಸ್ ಲಾಹ್ತಿನೆನ್. ಹೊರಗೆ ಹಾಕೋಕೆ ಅವರಿಗೊಂದು ಹೆಸರು ಬೇಕು.

ಸೈಮಾ: ಥೂ! ಇಂಥವರಿಗಾ ನಾನು ಪಾದ್ರಿಗಳ ಜನ್ಮದಿನ ಕೊಡಬೇಕಿದ್ದಿದ್ದು?

ಆರ್ವೊ ಹೊಸ ಕಾಗದದಲ್ಲಿ ತನ್ನ ಹೆಸರನ್ನು ತಾನೇ ಬರೆದ, ಕೆಳಗೆ ಸಹಿಯನ್ನೂ ಹಾಕಿದ. ಜೇಬಿನಿಂದ ಕಾರಿನ ಬೀಗದ ಕೈ ತೆಗೆದು ಸೈಮಾಳ ಮುಂದಿಟ್ಟ. ಪಿಕಪ್ಪಿನದನ್ನೂ ಇಟ್ಟ. ಹಿಮದ ಸ್ಕೂಟರಿನದು ಬೇಡವೆಂದು ಡ್ವೇನ್ ಹೇಳಿದ ಮೇಲೆ ಅದೊಂದನ್ನು ಬೇಗ ಜೇಬಿಗೆ ಹಾಕಿಕೊಂಡ.

ಆರ್ವೊ: ಫಲಕ ಇಳಿಸಬೇಕಾ?

ಸೈಮಾ: ಯಾಕೆ ಇಳಿಸ್ತೀಯ? ಅದನ್ನ ಕೊಟ್ಟಿದ್ದು ಲಾರಿಗೆ. ಲಾರೀಲಿ ನೀನು ಯಾರಿಗೂ ಗುದ್ದಿಲ್ಲ, ಅದು ಸುಳ್ಳಲ್ಲವಲ್ಲ. ಇರಲಿ ಅಲ್ಲೇ. ಧೂಳು ಮಾತ್ರ ನಾನು ಒರೆಸಲ್ಲ.

ಆರ್ವೊ: ಬೇಟೆ ಗುಡಿಸಲಿಗೆ?

ಸೈಮಾ: ಬಿಟ್ಟು ಬರ್ತೀನಿ. ವಾಪಸ್ ಕರ್‍ಕೊಂಡು ಬರೋದು ನಿನ್ನ ನಡತೆ ನೋಡ್ಕೊಂಡು.

ಇಬ್ಬರೂ ಹೊರಗೆ ಹೋದರು. ಬಾಗಿಲಲ್ಲಿ ಅವನು ಅವಳಿಗೆ ದಾರಿ ಬಿಟ್ಟ. ಪೇಸ್ಟಿಯ ಆ ಭಾನುವಾರದಿಂದ ನಾನು ಸೈಮಾಳಿಗೆ ಬೆನ್ನು ತಿರುಗಿಸಿದ ಒಂದೊಂದು ಸಲವೂ ನೆನಪಾಗಿ ನಾಚಿಕೆಯಾಯಿತು. ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ಅವಳ ಕೈ ಕುಲುಕಬೇಕೆಂದು ತೀರ್ಮಾನಿಸಿ ಡ್ವೇನನ ಎದುರಿನ ಕುರ್ಚಿಗೆ ಬಂದೆ.

ಡ್ವೇನ್: ಮನೆಯಲ್ಲಿ ಹದಿನಾಲ್ಕು ವರ್ಷ ದಾಟಿದವರು...

ಡ್ವೇನನ ಬೆನ್ನ ಹಿಂದಿನ ಕನ್ನಡಿಯಲ್ಲಿ ಬೀದಿ ಕಾಣಿಸುತ್ತಿತ್ತು. ಸೈಮಾ ನೀಲಿ ಕಾರಿನಲ್ಲಿ ಕುಳಿತಿದ್ದಳು. ಆರ್ವೊ ಕಾರಿನ ಹಿಂದೆ, ಸ್ವಲ್ಪ ಬದಿಗೆ ನಿಂತು, ರಸ್ತೆ ಇಲಾಖೆಯವರ ಠೀವಿಯಲ್ಲಿ ಎರಡೂ ಕೈ ಬೀಸುತ್ತಿದ್ದ.

ಆರ್ವೊ: (ಹೊರಗಿನಿಂದ) ಬಾ! ಬಾ! ಇನ್ನೂ ಬಾ! ಎಂಟಡಿ ಜಾಗ ಇದೆ! ಬಾ, ಬಾ...

ಎಂಟಡಿ ಇರಲಿಲ್ಲ. ಮೂರಡಿ ಇತ್ತು. ಆಮೇಲೆ ಅದೂ ಇರಲಿಲ್ಲ. ನನ್ನ ಕಾರಿನ ಮುಂದಿನ ದೀಪ ಒಡೆದ ಸದ್ದು ಕಚೇರಿಯೊಳಗೂ ಕೇಳಿಸಿತು.

ನಾನು ಬಾಗಿಲು ಮುಟ್ಟುವ ಮೊದಲೇ ಆರ್ವೊ ಒಳಗೆ ನುಗ್ಗಿದ. ಟೋಪಿ ಕೈಯಲ್ಲಿತ್ತು, ಮುಖ ಕೆಂಪಾಗಿತ್ತು, ಎದೆ ಉಬ್ಬಿತ್ತು. ಅಷ್ಟು ಧೀರನಾಗಿ ಅವನನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಆರ್ವೊ: ಅವಳನ್ನ ಯಾರೂ ಒಂದು ಮಾತು ಅನ್ನಬೇಡಿ! ನಾನೇ ಓಡಿಸ್ತಿದ್ದೆ! ಬರ್‍ಕೋ ಡ್ವೇನ್, ಕಾರು ಓಡಿಸ್ತಿದ್ದಿದ್ದು ನಾನು, ಆರ್ವೊ ಲಾಹ್ತಿನೆನ್!

ಡ್ವೇನ್: ಅಯ್ಯೋ ಬಾಯ್ ಮುಚ್ಚಿ! ನೀವು ಓಡಿಸಿದ್ರೆ ಯಾರಿಗೂ ಬಿಡಿಗಾಸೂ ಬರಲ್ಲ! ಈಗ ತಾನೇ ಓದಿ ಹೇಳಿದ್ನಲ್ಲ!

ನಾನು: ಸುಳ್ಳು! ಹಸಿ ಸುಳ್ಳು! ಸೈಮಾನೇ ಓಡಿಸಿದ್ದು, ನನ್ನ ಕಣ್ಣಾರೆ ನೋಡಿದೀನಿ! ಅವಳೇ ಗುದ್ದಿದ್ದು!

ಅವಳ ಕೈ ಕುಲುಕಬೇಕೆಂದುಕೊಂಡವನೂ ನಾನೇ. ಅಷ್ಟರಲ್ಲಿ ಸೈಮಾ ಬಾಗಿಲಲ್ಲಿ ಬಂದು ನಿಂತಿದ್ದಳು. ನನ್ನ ಬೆರಳು ತನ್ನ ಕಡೆಗೆ ಚಾಚಿರುವುದನ್ನು ನೋಡಿದಳು, ಡ್ವೇನ್ ಗಂಡನ ಬಾಯಿಗೆ ಕೈ ಅಡ್ಡ ಹಿಡಿದಿರುವುದನ್ನು ನೋಡಿದಳು.

ಸೈಮಾ: ಐದು ವರ್ಷ ಕಾದಿದ್ದೆ ಆರ್ವೊ, ಒಂದ್ಸಲನಾದ್ರೂ ನೀನಾಗಿ ತಪ್ಪು ಹೊತ್ಕೊಳ್ಳಲಿ ಅಂತ. ಹೊತ್ಕೊಂಡೆ. ಅದಕ್ಕೆ ವಿಮೆ ಇಲ್ಲ.

ಅವಳು ಬಂದು ನನ್ನ ಕುರ್ಚಿಯಲ್ಲಿ ಕುಳಿತಳು. ಡ್ವೇನ್ ಹೊಸ ಫಾರಂ ತೆಗೆದ.

ಡ್ವೇನ್: ಗುದ್ದಿದವರ ಹೆಸರು?

ಸೈಮಾ: ಸೈಮಾ ಲಾಹ್ತಿನೆನ್ ಅಂತ ಬರಿ. ಐದನೇ ಸಲ. ಮತ್ತೆ, ಕಾರಿನ ಹಿಂದೆ ನಿಂತು ಕೈ ಬೀಸೋದರಿಂದ ಇವನನ್ನ ಹೊರಗಿಡೋಕೆ ಯಾವುದಾದ್ರೂ ಕಾಗದ ಇದ್ರೆ, ಅದನ್ನೂ ತೆಗಿ.